ಗೋಡೆಗೆ ಬಾಯಿ ಬಂದ ಕಥೆ

ಹೈದರಾಬಾದಿನ ಸನತ್‌ನಗರದಲ್ಲಿ ಒಂದು ಅಪಾರ್ಟ್‌ಮೆಂಟು, ಅದರ ಮೂರನೇ ಮಹಡಿಯಲ್ಲಿ ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಒಂದು ಸಂಸಾರ ಎಂದು ಇಟ್ಟುಕೊಳ್ಳೋಣ. ಒಂದು ಕೋಣೆಯನ್ನು ಹೋಮ್ ಥಿಯೇಟರ್‌ಗೆಂದೇ ಬಿಟ್ಟಿದ್ದಾರೆ. ಉದ್ದ ನಾಲ್ಕೂವರೆ ಮೀಟರ್, ಅಗಲ ಮೂರೂವರೆ, ಎತ್ತರ ಮೂರು. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ನುಣುಪಾದ ಪುಟ್ಟಿ, ಒಂದು ಬದಿಗೆ ಗಾಜಿನ ಸ್ಲೈಡಿಂಗ್ ಕಿಟಕಿ. ಐದು ಸ್ಪೀಕರ್, ಒಂದು ಸಬ್‌ವೂಫರ್. ದುಡ್ಡು ಧಾರಾಳವಾಗಿಯೇ ಖರ್ಚಾಗಿದೆ. ಮೊದಲ ದಿನ ಸಿನಿಮಾ ಹಾಕಿದಾಗ ಹಿಂದಿನ ಸೋಫಾದಲ್ಲಿ ಕೂತ ಅಮ್ಮ ಹೇಳುವುದು ಒಂದೇ ಮಾತು: "ದನಿ ಕೇಳಸ್ತದ, ಮಾತು ತಿಳೀವಲ್ದು ನೋಡಪಾ."

ಮಗ ದನಿ ಏರಿಸುತ್ತಾನೆ. ಮಾತು ಇನ್ನೂ ಕಲಸಿಹೋಗುತ್ತದೆ. ಅಮ್ಮನ ಕಿವಿ ಮಂದವಾಯಿತೆಂದು ಮನೆಯವರು ತೀರ್ಮಾನಿಸುತ್ತಾರೆ. ಅದೇ ಅಮ್ಮನಿಗೆ ಅಡುಗೆಮನೆಯಲ್ಲಿ ಮೊಮ್ಮಗಳು ಮೆಲ್ಲಗೆ ಆಡಿದ ಮಾತೂ ಕೇಳುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂಥ ಕೋಣೆಗಳು ಈಗ ಎಲ್ಲ ನಗರಗಳಲ್ಲೂ ಇವೆ. ಅಲ್ಲಿ ಮೊದಲು ಬಯ್ಯಿಸಿಕೊಳ್ಳುವುದು ಸ್ಪೀಕರ್, ಆಮೇಲೆ ಕಿವಿ. ಗೋಡೆಯನ್ನು ಯಾರೂ ಬಯ್ಯುವುದಿಲ್ಲ. ಗೋಡೆಗೂ ಕಿವಿಯಿದೆ ಎಂಬ ಗಾದೆ ನಮಗೆ ಗೊತ್ತು. ಆದರೆ ಇಲ್ಲಿ ಗೋಡೆಗೆ ಬಾಯಿ ಬಂದಿದೆ. ಐದು ಸ್ಪೀಕರುಗಳ ಜೊತೆಗೆ ನಾಲ್ಕು ಗೋಡೆ, ಸೂರು, ನೆಲ, ಎಲ್ಲವೂ ಮಾತಾಡುತ್ತಿವೆ. ಈ ಆರು ಬಾಯಿಗಳನ್ನು ಪಳಗಿಸುವ ವಿದ್ಯೆಗೆ ಒಂದು ಉದ್ದನೆಯ ಇತಿಹಾಸವಿದೆ, ಮತ್ತು ಅದರ ಎರಡು ದೊಡ್ಡ ಸಾಕ್ಷಿಗಳು ಈ ಸಂಸಾರದ ಎರಡೂ ಊರುಗಳ ಆಸುಪಾಸಿನಲ್ಲೇ ನಿಂತಿವೆ.

ಎರಡು ಸುಲ್ತಾನರ ಗುಮ್ಮಟಗಳು

ಸನತ್‌ನಗರದಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಗೋಲ್ಕೊಂಡ ಕೋಟೆ. ಅಲ್ಲಿಗೆ ಹೋದವರೆಲ್ಲ ಮಾಡುವ ಮೊದಲ ಕೆಲಸವೆಂದರೆ ಕೆಳಬಾಗಿಲ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟುವುದು. ಆ ಸದ್ದು ಗುಡ್ಡದ ನೆತ್ತಿಯಲ್ಲಿರುವ ಬಾಲಾ ಹಿಸಾರ್‌ವರೆಗೂ ಕೇಳುತ್ತದೆ. ಕುತುಬ್‌ಶಾಹಿಗಳ ಕಾಲದಲ್ಲಿ ಕೆಳಗಿನ ಕಾವಲುಗಾರರು ಮೇಲಿನವರಿಗೆ ಸುದ್ದಿ ಮುಟ್ಟಿಸಲು ಇದನ್ನು ಬಳಸುತ್ತಿದ್ದರೆಂದು ಗೈಡುಗಳು ಹೇಳುತ್ತಾರೆ. ಒಂದು ಅಂಶವನ್ನು ಗಮನಿಸಬೇಕು: ಮೇಲಕ್ಕೆ ಹೋಗುವುದು ಚಪ್ಪಾಳೆ, ಸಂಭಾಷಣೆಯಲ್ಲ. ಚಪ್ಪಾಳೆ ಒಂದೇ ಏಟಿನ ಸದ್ದು. ಅದು ನಾಲ್ಕು ಕಡೆ ಬಡಿದು ಬಂದರೂ ಚಪ್ಪಾಳೆಯಾಗಿಯೇ ಇರುತ್ತದೆ.

ಇನ್ನೊಂದು ಸಾಕ್ಷಿ ವಿಜಯಪುರದ ಗೋಳಗುಮ್ಮಟ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38. ನಡುವೆ ಒಂದೂ ಕಂಬವಿಲ್ಲ. ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳೇ ಆ ಭಾರವನ್ನೆಲ್ಲ ಹೊತ್ತಿವೆ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿನ ತುದಿಯಲ್ಲಿ ಕಿವಿ ಇಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಮ್ಮೆ ಕೂಗಿದರೆ ಮತ್ತೆ ಮತ್ತೆ ಕೇಳುತ್ತದೆ. ಶಾಲಾ ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ತಮ್ಮ ಹೆಸರನ್ನು ತಾವೇ ಕೂಗಿ ಬಂದಿರುತ್ತಾರೆ.

ಇದರ ಲೆಕ್ಕ ಸರಳ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಗೋಡೆಗೆ 38 ಮೀಟರ್ ಹೋಗಿ 38 ಮೀಟರ್ ವಾಪಸು ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ತಡವಾಗಿ ಬಂದ ಸದ್ದನ್ನು ಕಿವಿ ಬೇರೆಯದೆಂದೇ ಗುರುತಿಸುತ್ತದೆ. ಅದು ಮಾರ್ದನಿ. ಸನತ್‌ನಗರದ ಕೋಣೆಯಲ್ಲಿ ಹಿಂಗೋಡೆಗೆ ಹೋಗಿ ಬರುವ ದಾರಿ ಬರೀ ಒಂಬತ್ತು ಮೀಟರ್, ತಡ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು. ಕಿವಿ ಅದನ್ನು ಬೇರೆ ಮಾಡಲಾರದು. ಮೂಲ ಸದ್ದಿಗೇ ಅಂಟಿಸಿಕೊಂಡುಬಿಡುತ್ತದೆ. ಗೋಳಗುಮ್ಮಟದಲ್ಲಿ ಗೋಡೆ ನಮ್ಮ ಮಾತು ಮುಗಿದ ಮೇಲೆ ಮಾತಾಡುತ್ತದೆ, ಸಣ್ಣ ಕೋಣೆಯಲ್ಲಿ ನಾವು ಮಾತಾಡುತ್ತಿರುವಾಗಲೇ ಬಾಯಿ ಹಾಕುತ್ತದೆ.

ಪಿಸುಮಾತಿನ ಗುಟ್ಟನ್ನು ಮೊದಲು ವಿವರಿಸಿದವನು ಇಂಗ್ಲೆಂಡಿನ ಲಾರ್ಡ್ ರೇಲಿ. ಬಾಗಿದ ಗೋಡೆಯ ಮೈಗೆ ಅಂಟಿಕೊಂಡು ಸದ್ದು ತೆವಳುತ್ತಾ ಹೋಗುತ್ತದೆ, ನಡುವಿನ ಬಯಲಿಗೆ ಚದುರಿ ಸೊರಗುವುದಿಲ್ಲ ಎಂದು ಅವನು ತೋರಿಸಿದ. 1921ರಲ್ಲಿ ಇಂಗ್ಲೆಂಡಿಗೆ ಹೋದ ಸಿ. ವಿ. ರಾಮನ್ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲಿ ಸದರ್‌ಲೆಂಡ್ ಎಂಬ ಸಹೋದ್ಯೋಗಿಯೊಂದಿಗೆ ಇದನ್ನು ಪರೀಕ್ಷಿಸಿದರು. ಗೋಡೆಯಿಂದ ಒಳಕ್ಕೆ ಸರಿಯುತ್ತ ಹೋದಂತೆ ಸದ್ದು ಒಂದೇ ಸಮನೆ ಕಡಿಮೆಯಾಗುವುದಿಲ್ಲ, ಒಂದೆಡೆ ಜೋರು, ಪಕ್ಕದಲ್ಲೇ ಕ್ಷೀಣ, ಮತ್ತೆ ಜೋರು, ಹೀಗೆ ಪಟ್ಟೆಪಟ್ಟೆಯಾಗಿ ಇರುತ್ತದೆ ಎಂದು ಅವರು ಕಂಡರು. ಸದ್ದಿಗೂ ಒಂದು ಕೋಣೆಯೊಳಗೆ ಹಳ್ಳದಿಣ್ಣೆಗಳಿವೆ ಎಂಬ ಈ ಸಂಗತಿಗೆ ಆಮೇಲೆ ಮತ್ತೆ ಬರಬೇಕಾಗುತ್ತದೆ.

ಕತೆ ಮತ್ತು ಕತ್ತೆ

ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ. ಮಾರ್ದನಿ ಎಂದರೆ ಎದುರು ನುಡಿಯುವ ದನಿ. ಅನುರಣನ ಎಂದರೆ ಗಂಟೆ ಬಾರಿಸಿದ ಮೇಲೆ ಉಳಿಯುವ ರೇಷೆಯಂಥ ನಾದ. ಈಗ ಭೌತವಿಜ್ಞಾನದ ಪಠ್ಯಗಳಲ್ಲಿ ಸಿಗುವ ಈ ಎರಡನೆಯ ಪದ ಕಾವ್ಯಮೀಮಾಂಸೆಯಲ್ಲಿ ಬಹಳ ಹಿಂದೆಯೇ ಓಡಾಡಿತ್ತು. ಒಂಬತ್ತನೇ ಶತಮಾನದ ಆನಂದವರ್ಧನನ ಧ್ವನಿಸಿದ್ಧಾಂತದಲ್ಲಿ, ವಾಚ್ಯಾರ್ಥ ತಿಳಿದ ಮೇಲೆ ಮೆಲ್ಲಗೆ ಹೊಳೆಯುವ ಅರ್ಥವನ್ನು ಅನುರಣನಕ್ಕೆ ಹೋಲಿಸಲಾಗಿದೆ. ಅದೇ ಶತಮಾನದ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರವೆಂದು ಹೆಸರಿಸುತ್ತದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದು ಕಲಬುರಗಿ ಜಿಲ್ಲೆಯಲ್ಲೇ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲದಲ್ಲಿ.

ಕಾವ್ಯದಲ್ಲಿ ಅನುರಣನ ಗುಣ. ಮಾತು ಮುಗಿದ ಮೇಲೂ ಏನೋ ಉಳಿಯಬೇಕು. ಕೋಣೆಯಲ್ಲಿ ಅದೇ ಅನುರಣನ ಹದ ಮೀರಿದರೆ ಮಾತನ್ನೇ ನುಂಗುತ್ತದೆ. ಹೇಗೆ ನುಂಗುತ್ತದೆ ಎಂಬುದಕ್ಕೆ ಕನ್ನಡಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸ್ವರಗಳು ಬಲವಾದವು, ಉದ್ದವಾದವು, ಅವುಗಳ ಶಕ್ತಿಯೆಲ್ಲ ಹೆಚ್ಚಾಗಿ ಕೆಳಗಿನ ಶ್ರುತಿಗಳಲ್ಲಿ. ವ್ಯಂಜನಗಳು ಕ್ಷಣಿಕ, ದುರ್ಬಲ. ಸ, ಶ, ತ, ಚಗಳ ಗುರುತು ಇರುವುದು ಮೇಲಿನ ಶ್ರುತಿಗಳಲ್ಲಿ. ಮಾತಿನ ಜೋರು ಸ್ವರದಲ್ಲಿದ್ದರೆ ಅರ್ಥದ ಬಹುಪಾಲು ವ್ಯಂಜನದಲ್ಲಿದೆ. ಒಂದು ಸ್ವರದ ಬಾಲ ಕೋಣೆಯಲ್ಲಿ ಸುಳಿದಾಡುತ್ತಿರುವಾಗಲೇ ಮುಂದಿನ ವ್ಯಂಜನ ಬಂದರೆ ಅದು ಆ ಬಾಲದಡಿ ಮುಚ್ಚಿಹೋಗುತ್ತದೆ.

ಈಗ 'ಕತೆ' ಮತ್ತು 'ಕತ್ತೆ' ಎಂಬೆರಡು ಪದಗಳನ್ನು ನಿಧಾನವಾಗಿ ಹೇಳಿ ನೋಡಿ. ವ್ಯತ್ಯಾಸ ಎಲ್ಲಿದೆ? ನಾಲಿಗೆ ಹಲ್ಲಿಗೆ ತಾಗಿ ಗಾಳಿಯನ್ನು ತಡೆದು ನಿಲ್ಲಿಸುವ ಹೊತ್ತಿನಲ್ಲಿ. ಒತ್ತಕ್ಷರದಲ್ಲಿ ಆ ತಡೆ ಹೆಚ್ಚೂಕಡಿಮೆ ಎರಡರಷ್ಟು ಉದ್ದ. ಆ ಹೊತ್ತಿನಲ್ಲಿ ಬಾಯಿಂದ ಯಾವ ಸದ್ದೂ ಬರುವುದಿಲ್ಲ. ಅಂದರೆ ಈ ಎರಡು ಪದಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಒಂದು ಮೌನದ ಅಳತೆ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನ ಮೌನ. ಅನುರಣನ ಮಾಡುವ ಮೊದಲ ಕೇಡೆಂದರೆ ಆ ಮೌನವನ್ನು ತುಂಬಿಬಿಡುವುದು. ಅಮ್ಮನಿಗೆ ದನಿ ಕೇಳಿ ಮಾತು ತಿಳಿಯದಿರುವುದು ಇದರಿಂದ. ವಾಲ್ಯೂಮ್ ಏರಿಸಿದರೆ ಸ್ವರದ ಬಾಲವೂ ಅಷ್ಟೇ ಏರುತ್ತದೆ. ಸನ್ನಿವೇಶ ನೋಡಿ ಪದವನ್ನು ಊಹಿಸಿಕೊಳ್ಳುವ ಶಕ್ತಿ ಎಳೆಯರಿಗೆ ಹೆಚ್ಚು, ಹಾಗಾಗಿ ಅವರು ಹೇಗೋ ನಿಭಾಯಿಸುತ್ತಾರೆ. ಮೇಲಿನ ಶ್ರುತಿಗಳು ವಯಸ್ಸಿನೊಂದಿಗೆ ಮೊದಲು ಕ್ಷೀಣಿಸುವುದರಿಂದ ಹಿರಿಯರು ಮೊದಲು ಸೋಲುತ್ತಾರೆ. ಕೋಣೆಯ ದೋಷ ಅವರ ಕಿವಿಯ ದೋಷವೆಂದು ದಾಖಲಾಗುತ್ತದೆ.

ದಿಂಬು ಹೊತ್ತ ಪ್ರೊಫೆಸರು

ಇದನ್ನು ಅಳತೆಗೆ ತಂದವನು ವಾಲೇಸ್ ಸಬೀನ್. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣ ತೆರೆಯಿತು. ಅಲ್ಲಿ ಉಪನ್ಯಾಸಕರ ಒಂದು ಮಾತೂ ಯಾರಿಗೂ ತಿಳಿಯಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ಎಲಿಯಟ್, ಭೌತವಿಜ್ಞಾನ ವಿಭಾಗದ 27 ವರ್ಷದ ಸಬೀನ್‌ಗೆ ಇದನ್ನು ಸರಿಪಡಿಸಲು ಹೇಳಿದ. ಅಲ್ಲಿಯವರೆಗೆ ಸಭಾಂಗಣವೊಂದು ಚೆನ್ನಾಗಿ ನುಡಿಯುವುದು ಅದೃಷ್ಟದ ಮಾತಾಗಿತ್ತು. ಕಟ್ಟಿದ ಮೇಲೆಯೇ ಗೊತ್ತಾಗುತ್ತಿತ್ತು.

ಸಬೀನ್ ಬಳಿ ಇದ್ದದ್ದು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಸಾಧನ ಮತ್ತು ತನ್ನ ಕಿವಿ. ಹಗಲಿನ ಗದ್ದಲ ಅಡಗಿದ ಮೇಲೆ, ರಾತ್ರಿ, ಕೊಳವೆಯನ್ನು ನುಡಿಸಿ ನಿಲ್ಲಿಸುವುದು, ಸದ್ದು ಪೂರ್ತಿ ಅಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುವುದು. ಖಾಲಿ ಸಭಾಂಗಣದಲ್ಲಿ ಅದಕ್ಕೆ ಐದೂವರೆ ಸೆಕೆಂಡಿಗೂ ಹೆಚ್ಚು ಬೇಕಾಯಿತು. ಅಷ್ಟರಲ್ಲಿ ಉಪನ್ಯಾಸಕನೊಬ್ಬ ಹತ್ತು ಹದಿನೈದು ಪದ ಆಡಿ ಮುಗಿಸಿರುತ್ತಾನೆ, ಎಲ್ಲವೂ ಒಂದರ ಮೇಲೊಂದು ಗಾಳಿಯಲ್ಲಿ ನೇತಾಡುತ್ತಿರುತ್ತವೆ. ಆಮೇಲೆ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನದ ದಿಂಬುಗಳನ್ನು ಹೊತ್ತು ತಂದು ಒಂದೊಂದೇ ಸಾಲು ಜೋಡಿಸಿ ಮತ್ತೆ ಅಳತೆ. ಬೆಳಗಾಗುವುದರೊಳಗೆ ದಿಂಬುಗಳೆಲ್ಲ ವಾಪಸು ಹೋಗಬೇಕು. ತಾನು ತೊಟ್ಟ ಬಟ್ಟೆಯೂ ಸದ್ದು ಹೀರುತ್ತದೆ ಎಂದು ತಿಳಿದ ಮೇಲೆ ಪ್ರತಿಸಲವೂ ಒಂದೇ ಉಡುಪು ತೊಟ್ಟು ಕೂರತೊಡಗಿದ.

ಕೆಲವು ವರ್ಷಗಳ ಈ ಹೊರೆಗೆಲಸದಿಂದ ಬಂದ ಸೂತ್ರ ಒಂದು ಸಾಲಿನದು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ತನ್ನ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಹೀರಿಕೆಯನ್ನು ಅಳೆಯಲು ಅವನು ಆರಿಸಿಕೊಂಡ ಮಾನ ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ಸದ್ದು ಮರಳಿ ಬರುವುದಿಲ್ಲವಲ್ಲ, ಅದೇ ಪೂರ್ಣ ಹೀರಿಕೆ. ಆ ಲೆಕ್ಕದಲ್ಲಿ ಕೂತ ಮನುಷ್ಯನೊಬ್ಬ ಸುಮಾರು ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ. 1900ರ ಅಕ್ಟೋಬರಿನಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕವನ್ನು ಮೊದಲೇ ಹಾಕಿ ಕಟ್ಟಿದ ಸಭಾಂಗಣ. ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರಿದೆ.

ರೈಲು ಹೋದ ಮೇಲೆ ಆಕ್ಷನ್

ಸಿನಿಮಾ ಮಾತಾಡತೊಡಗಿದಾಗ ಈ ವಿದ್ಯೆ ಸಂಗೀತ ಸಭೆಗಳನ್ನು ದಾಟಿ ಪೇಟೆಗೆ ಬಂತು. ಭಾರತದ ಮೊದಲ ಟಾಕಿ 'ಆಲಂ ಆರಾ' ತೆರೆಕಂಡದ್ದು 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ. ಅದನ್ನು ಚಿತ್ರೀಕರಿಸಿದ ಸ್ಟುಡಿಯೋ ರೈಲುಹಳಿಯ ಪಕ್ಕದಲ್ಲಿತ್ತು. ಗೋಡೆಗಳು ಸದ್ದು ತಡೆಯುತ್ತಿರಲಿಲ್ಲ. ಹಾಗಾಗಿ ರೈಲುಗಳು ನಿಂತ ಮೇಲೆ, ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ, ಮೈಕುಗಳನ್ನು ನಟರ ಸುತ್ತಮುತ್ತ ಬಚ್ಚಿಟ್ಟು ಬಹುಪಾಲು ಚಿತ್ರೀಕರಣ ನಡೆಯಿತು. ಮೂರು ವರ್ಷಗಳ ನಂತರ, 1934ರಲ್ಲಿ, ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತಯಾರಾದದ್ದೂ ಕರ್ನಾಟಕದಲ್ಲಿ ಅಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಮಾತನ್ನು ಹಿಡಿಯಲು ಬೇಕಾದ ಕೋಣೆ ಆಗ ನಮ್ಮಲ್ಲಿರಲಿಲ್ಲ.

ಅದನ್ನು ನೋಡುವ ಜಾಗ ಮಾತ್ರ ನಮ್ಮಲ್ಲಿ ಧಾರಾಳವಾಗಿತ್ತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಬಟ್ಟೆಯ ಸೂರು, ಮರಳಿನ ನೆಲ, ಬದಿಗೆ ತಟ್ಟಿ ಅಥವಾ ಬಯಲು, ನಡುವೆ ಒತ್ತೊತ್ತಾಗಿ ಕೂತ ಜನ. ಸಬೀನನ ಲೆಕ್ಕದಲ್ಲಿ ಅದು ಹೆಚ್ಚೂಕಡಿಮೆ ಪೂರ್ತಿ ತೆರೆದ ಕಿಟಕಿ. ಧ್ವನಿವರ್ಧಕ ಕರಕರ ಎನ್ನುತ್ತಿತ್ತು, ರೀಲು ಸವೆದಿರುತ್ತಿತ್ತು, ಆದರೂ ಡೈಲಾಗು ಜನರಿಗೆ ಬಾಯಿಪಾಠವಾಗುತ್ತಿತ್ತು. ಯಂತ್ರ ಕೆಟ್ಟದ್ದಾಗಿದ್ದರೂ ಕೋಣೆ ಅಡ್ಡ ಬರುತ್ತಿರಲಿಲ್ಲ.

ಹಳೆಯ ಮನೆಗಳ ಮಾತೂ ಅದೇ. ತೊಟ್ಟಿ ಮನೆಯ ನಡುವೆ ಆಕಾಶಕ್ಕೇ ತೆರೆದ ಅಂಗಳ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಜಂತೆ ತೊಲೆಗಳ ಏರುತಗ್ಗಿನ ಸೂರು. ಮೂಲೆಯಲ್ಲಿ ಜೋಳದ ಚೀಲ, ಹತ್ತಿಯ ಹಾಸಿಗೆಗಳ ರಾಶಿ, ಹಗ್ಗದ ಮೇಲೆ ಒಣಗಲು ಹಾಕಿದ ಸೀರೆ. ಯಾರೂ ಇವನ್ನು ಸದ್ದಿಗಾಗಿ ಇಟ್ಟವರಲ್ಲ. ಆದರೆ ಅಲ್ಲಿ ಅಜ್ಜಿ ಹೇಳಿದ ಕತೆ ಕತ್ತೆಯಾಗುತ್ತಿರಲಿಲ್ಲ. ಕಾಂಕ್ರೀಟು, ಟೈಲ್ಸು, ಗಾಜು ಬಂದಂತೆ ಈ ಹೀರುವ ವಸ್ತುಗಳೆಲ್ಲ ಒಂದೊಂದಾಗಿ ಮನೆ ಬಿಟ್ಟವು. ತೊಳೆಯಲು ಸುಲಭವಾದ ಪ್ರತಿಯೊಂದು ಮೇಲ್ಮೈಯೂ ಸದ್ದನ್ನು ಹಿಂದಕ್ಕೆ ಎಸೆಯುವ ಮೇಲ್ಮೈ. ಈಗ ಅದೇ ಗುಣವನ್ನು ಅಕೌಸ್ಟಿಕ್ ಪ್ಯಾನೆಲ್ ಎಂಬ ಹೆಸರಿನಲ್ಲಿ ಚದರಡಿ ಲೆಕ್ಕದಲ್ಲಿ ಕೊಂಡು ತರುತ್ತಿದ್ದೇವೆ.

ಸ್ಪಂಜಿನ ಮೋಹ

ಕೊಂಡು ತರುವಾಗ ಆಗುವ ಮೊದಲ ತಪ್ಪು ತೆಳು ಸ್ಪಂಜು. ಒಂದು ಇಂಚಿನ ಕಪ್ಪು ಫೋಮನ್ನು ನಾಲ್ಕೂ ಗೋಡೆಗೆ ಅಂಟಿಸಿದರೆ ಸ್ಟುಡಿಯೋ ಕಳೆ ಬರುತ್ತದೆ. ಆದರೆ ರಂಧ್ರಮಯ ವಸ್ತು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯುದ್ದದ ಕಾಲುಭಾಗದ ಹತ್ತಿರವಾದರೂ ಇರಬೇಕು. ಒಂದು ಇಂಚಿಗೆ ಸರಿಹೊಂದುವುದು 3400 ಹರ್ಟ್ಸ್ ಆಸುಪಾಸಿನ ಸದ್ದು. 100 ಹರ್ಟ್ಸ್‌ನ ಗುಡುಗನ್ನು ಹೀರಲು 86 ಸೆಂಟಿಮೀಟರ್ ಬೇಕು. ಹಾಗಾಗಿ ತೆಳು ಫೋಮು ಮೇಲಿನ ಶ್ರುತಿಗಳ ಹೊಳಪನ್ನಷ್ಟೇ ತಿಂದು ಕೆಳಗಿನ ಗುಡುಗನ್ನು ಹಾಗೇ ಬಿಡುತ್ತದೆ. ಕೋಣೆ ಮಂಕಾಗುತ್ತದೆ, ಗುಂಯ್‌ಗುಡುವುದು ನಿಲ್ಲುವುದಿಲ್ಲ. ಮೊಟ್ಟೆಯ ಟ್ರೇ ಅಂಟಿಸುವುದು ಇದಕ್ಕಿಂತ ನಿಷ್ಪ್ರಯೋಜಕ.

ಎರಡನೆಯ ತಪ್ಪು, ಫೋಮು ಪಕ್ಕದ ಮನೆಗೆ ಸದ್ದು ಹೋಗುವುದನ್ನು ತಡೆಯುತ್ತದೆ ಎಂಬ ನಂಬಿಕೆ. ಸದ್ದು ತಡೆಯಲು ಬೇಕಾದದ್ದು ಭಾರ ಮತ್ತು ಸಂದಿಯಿಲ್ಲದ ಮುಚ್ಚಿಗೆ. ಕೋಣೆಯೊಳಗಿನ ಸದ್ದನ್ನು ಹದಗೊಳಿಸಲು ಬೇಕಾದದ್ದು ಹೀರಿಕೆ. ಸನತ್‌ನಗರ ಸ್ಟೇಷನ್ನಿನ ರೈಲಿನ ಸದ್ದು ಫೋಮಿಗೆ ಹೆದರುವುದಿಲ್ಲ.

ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ 'ದಿ ಸ್ಟೇಷನ್' ಎಂಬ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಗುಲಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂಟಾ ಮರಿಯಾದ 'ಕಿಸ್' ಕ್ಲಬ್‌ನಲ್ಲಿ ಅದೇ ಬಗೆಯ ಬೆಂಕಿಗೆ 242 ಜನ ಬಲಿಯಾದರು. ಅಗ್ಗದ ಪಾಲಿಯುರಿಥೇನ್ ಫೋಮು ಕ್ಷಣದಲ್ಲಿ ಹೊತ್ತಿಕೊಂಡು ವಿಷದ ಹೊಗೆ ಕಕ್ಕುತ್ತದೆ. ಒಂದೇ ಬಾಗಿಲಿನ, ವೈರುಗಳು ತುಂಬಿದ, ಕತ್ತಲೆಯ ಕೋಣೆಗೆ ಅದನ್ನು ಮೆತ್ತುವ ಮುನ್ನ ಈ ಎರಡು ರಾತ್ರಿಗಳು ನೆನಪಿರಬೇಕು. ಬೆಂಕಿಗೆ ಸುಲಭವಾಗಿ ಬಗ್ಗದ ರಾಕ್‌ವೂಲ್ ಅಥವಾ ಗ್ಲಾಸ್‌ವೂಲನ್ನು ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ ಬಳಸುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಆ ಕೋಣೆಗೆ

ಈಗ ಸನತ್‌ನಗರದ ಕೋಣೆಯ ಲೆಕ್ಕ ಹಾಕಬಹುದು. ಘನ ಅಳತೆ ಸುಮಾರು 47 ಘನ ಮೀಟರ್. ಅದನ್ನು 0.161ರಿಂದ ಗುಣಿಸಿದರೆ 7.6. ಖಾಲಿಯಿರುವಾಗ ಅಲ್ಲಿನ ಟೈಲ್ಸು, ಪುಟ್ಟಿ, ಗಾಜು ಎಲ್ಲ ಸೇರಿ ಹೀರುವುದು ಮೂರು ಚದರ ಮೀಟರ್ ತೆರೆದ ಕಿಟಕಿಯಷ್ಟು ಎಂದುಕೊಂಡರೆ ಸದ್ದು ಎರಡೂವರೆ ಸೆಕೆಂಡು ಸುಳಿದಾಡುತ್ತದೆ. ಸಿನಿಮಾ ನೋಡುವ ಸಣ್ಣ ಕೋಣೆಗೆ ಒಗ್ಗುವುದು 0.4 ಸೆಕೆಂಡಿನ ಆಸುಪಾಸು. ಅದಕ್ಕೆ ಬೇಕಾದ ಹೀರಿಕೆ 19 ಚದರ ಮೀಟರ್. ಬಟ್ಟೆಯ ಸೋಫಾ, ದಪ್ಪ ಜಮಖಾನ, ನೆರಿಗೆ ತುಂಬಿದ ಭಾರದ ಪರದೆ, ಕೂತ ನಾಲ್ಕು ಜನ, ಇಷ್ಟರಿಂದಲೇ ಅರ್ಧ ದಾರಿ ಕ್ರಮಿಸಿದಂತೆ. ಉಳಿದದ್ದಕ್ಕೆ ಪ್ಯಾನೆಲ್.

ಪ್ಯಾನೆಲ್ ಎಲ್ಲಿಗೆ ಎಂಬುದಕ್ಕೆ ಹಳೆಯ ಕನ್ನಡಿಯ ಉಪಾಯವಿದೆ. ಒಬ್ಬರು ಸೋಫಾದಲ್ಲಿ ಕೂರಬೇಕು, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋಗಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಂಡಿತೋ, ಸದ್ದು ಮೊದಲು ಪುಟಿದು ಬರುವುದು ಅಲ್ಲಿಂದಲೇ. ನಾಲ್ಕು ಇಂಚು ದಪ್ಪದ ಪ್ಯಾನೆಲ್, ಹಿಂದೆ ಒಂದಿಷ್ಟು ಗಾಳಿಯ ಸಂದು ಬಿಟ್ಟು, ಅಲ್ಲಿಗೆ.

ಕೆಳಗಿನ ಶ್ರುತಿಗಳಿಗೆ ಬೇರೆ ಉಪಾಯ ಬೇಕು. ನಾಲ್ಕೂವರೆ ಮೀಟರ್ ಉದ್ದದ ಈ ಕೋಣೆ 38 ಹರ್ಟ್ಸ್ ಸದ್ದಿಗೆ ತಂತಿಯಂತೆ ಮಿಡಿಯುತ್ತದೆ. ಅಗಲ 49ಕ್ಕೆ, ಎತ್ತರ 57ಕ್ಕೆ. ಉದ್ದದ ನಟ್ಟನಡುವೆ ಕೂತವನಿಗೆ ಆ 38 ಹರ್ಟ್ಸ್ ಬಹುತೇಕ ಕೇಳುವುದೇ ಇಲ್ಲ, ಹಿಂಗೋಡೆಗೆ ಆತು ಕೂತವನ ಎದೆ ನಡುಗುತ್ತದೆ. ರಾಮನ್ ಗುಮ್ಮಟದಲ್ಲಿ ಕಂಡ ಹಳ್ಳದಿಣ್ಣೆಗಳ ದಾಯಾದಿಗಳು ಇವು. ಸೋಫಾವನ್ನು ಗೋಡೆಯಿಂದ ಮೂರು ಅಡಿ ಮುಂದಕ್ಕೆ, ನಡುವಿನಿಂದ ಹಿಂದಕ್ಕೆ ಸರಿಸುವುದು ಪುಕ್ಕಟೆ ಚಿಕಿತ್ಸೆ. ಕೆಳಗಿನ ಸದ್ದೆಲ್ಲ ಮೂಲೆಗಳಲ್ಲಿ ಒಟ್ಟಾಗುವುದರಿಂದ ದಪ್ಪನೆಯ ಬೇಸ್ ಟ್ರ್ಯಾಪ್‌ಗಳ ಜಾಗ ಮೂಲೆಗಳೇ. ಮೂಲೆಯಲ್ಲಿ ಹಾಸಿಗೆ ಒಟ್ಟಿಡುತ್ತಿದ್ದ ಹಳ್ಳಿಯವರು ತಿಳಿಯದೆಯೇ ಇದನ್ನು ಮಾಡುತ್ತಿದ್ದರು.

ಎಲ್ಲವನ್ನೂ ಹೀರಿಸಿದರೆ ಕೋಣೆ ಸತ್ತಂತಾಗುತ್ತದೆ. ನಮ್ಮ ಉಸಿರೇ ನಮಗೆ ಭಾರವಾಗಿ ಕೇಳುತ್ತದೆ. ಅದಕ್ಕಾಗಿ ಹಿಂಗೋಡೆಯಲ್ಲಿ ಸದ್ದನ್ನು ಹೀರದೆ ಚದುರಿಸುವ ಏರುತಗ್ಗಿನ ಹಲಗೆ ಇಡುತ್ತಾರೆ. ಅದರ ತಗ್ಗುಗಳ ಆಳವನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕಹಾಕುವ ಕ್ರಮವನ್ನು 1970ರ ದಶಕದಲ್ಲಿ ಜರ್ಮನಿಯ ಮಾನ್‌ಫ್ರೆಡ್ ಶ್ರೋಡರ್ ಕೊಟ್ಟ. ಬೇರೆ ಬೇರೆ ಗಾತ್ರದ ಪುಸ್ತಕ ತುಂಬಿದ ಕಪಾಟೂ ಅದೇ ಕೆಲಸವನ್ನು ಒಂದು ಮಟ್ಟಿಗೆ ಮಾಡುತ್ತದೆ.

ಇಷ್ಟಾದ ಮೇಲೆ ಪರೀಕ್ಷೆಗೆ ಯಂತ್ರ ಬೇಕೇಬೇಕೆಂದಿಲ್ಲ. ವಾಲ್ಯೂಮನ್ನು ಮೊದಲಿಗಿಂತ ತಗ್ಗಿಸಿ, ಹಾಡುಕುಣಿತವಿಲ್ಲದ, ಇಬ್ಬರು ಕೂತು ಮೆಲ್ಲಗೆ ಮಾತಾಡುವ ಒಂದು ದೃಶ್ಯ ಹಾಕಿ, ಅಮ್ಮನನ್ನು ಹಿಂದಿನ ಸೋಫಾದಲ್ಲಿ ಕೂರಿಸಬೇಕು. ಅವರು ಏನಂದರು ಎಂದು ಆಕೆ ಪಕ್ಕದವರನ್ನು ಕೇಳದೆ ಕತೆಯೊಳಗೆ ಹೋದರೆ ಗೋಡೆ ಬಾಯಿ ಮುಚ್ಚಿದೆ ಎಂದು ಅರ್ಥ.